ಸಾಲದ ಅಂಕವೂ ಮನುಷ್ಯನ ಶೀಲವೂ

ಹಿಂದೆ ಸಾಹುಕಾರನು ಮುಖವನ್ನೂ ಮನೆತನವನ್ನೂ ನೋಡಿ ಸಾಲ ಕೊಡುತ್ತಿದ್ದನು. ಈಗ ಬ್ಯಾಂಕು ಅಂಕವನ್ನು ನೋಡುತ್ತದೆ. 2000ರಲ್ಲಿ ಸ್ಥಾಪಿತವಾದ ಸಿಬಿಲ್ ಸಂಸ್ಥೆಯು ಒಬ್ಬನು ಸಾಲ ತೀರಿಸಿದ ಚರಿತ್ರೆಯನ್ನೆಲ್ಲ 300ರಿಂದ 900ರೊಳಗಿನ ಒಂದಂಕದಲ್ಲಿ ಅಡಕಗೊಳಿಸುತ್ತದೆ. ಅದು ಜಾತಿ ಕುಲಗಳನ್ನು ಕೇಳದಿರುವುದು ಗುಣವೇ ಸರಿ.

ಆದರೆ ಈ ಅಂಕವು ಶೀಲದ ಅಳತೆಯೆ? ಎಂದೂ ಸಾಲ ಮಾಡದ ಮಿತವ್ಯಯಿಗೆ ಅಂಕವೇ ಇಲ್ಲ. ರೋಗದಿಂದ ಕಂತು ತಪ್ಪಿದವನೂ ಉದಾಸೀನದಿಂದ ತಪ್ಪಿಸಿದವನೂ ತಡವಾದ ದಿನಗಳ ಲೆಕ್ಕದಲ್ಲಿ ಸಮಾನರು. ಲೆಕ್ಕವು ಕಾರ್ಯವನ್ನು ಬಲ್ಲುದು, ಕಾರಣವನ್ನರಿಯದು.

ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ವರದಿಯನ್ನು ಗೃಹಸ್ಥನು ಓದಿ, ತಪ್ಪಿದ್ದರೆ ತಿದ್ದಿಸಿಕೊಳ್ಳುವುದು ಯುಕ್ತ; 2005ರ ಕಾಯಿದೆಯು ಆ ಹಕ್ಕನ್ನಿತ್ತಿದೆ. ಅಂತೆಯೇ, ಅಂಕ ಕಡಮೆಯೆಂದು ಸಾಲವನ್ನು ನಿರಾಕರಿಸುವ ಅಧಿಕಾರಿಯು ಎದುರಿಗಿರುವವನ ಮಾತನ್ನೂ ಒಮ್ಮೆ ಕೇಳುವುದು ನ್ಯಾಯವಾಗಿದೆ.