ಬೋನಸ್ ಪಾಯಿಂಟಿಗೆ ಯಾರೂ ಎದ್ದು ಬರುವುದಿಲ್ಲ

ಪುತ್ತೂರು, ಸುಳ್ಯ, ಕಡಬದ ಕಡೆ ಕಬಡ್ಡಿ ಆಡುವ ಯಾವ ಹೈಸ್ಕೂಲು ಹುಡುಗನನ್ನು ಕೇಳಿದರೂ ಈ ನಿಯಮವನ್ನು ತಡವರಿಸದೆ ಹೇಳುತ್ತಾನೆ. ರೈಡಿಗೆ ಹೋದವನು ಎದುರಾಳಿಯನ್ನು ಮುಟ್ಟಿ ಬಂದರೆ ಒಂದು ಪಾಯಿಂಟು. ಜೊತೆಗೆ ತನ್ನ ಕಡೆ ಔಟಾಗಿ ಕೂತವರಲ್ಲಿ ಮೊದಲು ಔಟಾದವನು ಎದ್ದು ಒಳಗೆ ಬರುತ್ತಾನೆ. ಎದುರು ಕಡೆ ಆರೋ ಏಳೋ ಜನ ಇದ್ದಾಗ ಬೋನಸ್ ಗೆರೆ ದಾಟಿ ಬಂದರೂ ಒಂದು ಪಾಯಿಂಟು ಸಿಗುತ್ತದೆ, ಆದರೆ ಅದಕ್ಕೆ ಯಾರೂ ಎದ್ದು ಬರುವುದಿಲ್ಲ. ಸ್ಕೋರು ಬರೆಯುವವನಿಗೆ ಎರಡೂ ಒಂದೇ. ಗೆರೆಯ ಹಿಂದೆ ಕೂತವನಿಗೆ ಮಾತ್ರ ಇವೆರಡರ ವ್ಯತ್ಯಾಸ ಚೆನ್ನಾಗಿ ಗೊತ್ತು.

ಶಾಲೆಯ ತಂಡ ಎಂದ ಕೂಡಲೇ ನಾವು ಒಗ್ಗಟ್ಟು, ಶಿಸ್ತು, ಕ್ರೀಡಾ ಮನೋಭಾವ ಎಂದು ಶುರುಮಾಡುತ್ತೇವೆ. ವಾರ್ಷಿಕೋತ್ಸವದ ವೇದಿಕೆಗೆ ಆ ಮಾತುಗಳು ಸಾಕು. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು: ತಂಡಕ್ಕೆ ಒಂದು ಗುಣ, ಒಂದು ನಡತೆ ಇದೆ ಎನ್ನುತ್ತೇವಲ್ಲ, ಅದು ಇರುವುದು ಯಾರಲ್ಲಿ?

ಊರಿನ ಯುವಕ ಮಂಡಲದ ತಂಡವಾದರೆ ಉತ್ತರ ಸುಲಭ. ಅದೇ ಏಳೆಂಟು ಜನ ಹತ್ತು ವರ್ಷ ಆಡುತ್ತಾರೆ, ಹೊಟ್ಟೆ ಬಂದ ಮೇಲೂ ಆಡುತ್ತಾರೆ. ಹೈಸ್ಕೂಲು ಹಾಗಲ್ಲ. ಎಂಟು, ಒಂಬತ್ತು, ಹತ್ತು, ಅಲ್ಲಿಗೆ ಮುಗಿಯಿತು. ಜೂನ್‌ನಲ್ಲಿ ಶಾಲೆ ಶುರುವಾಗಿ, ಆಟಿಯ ಮಳೆಯಲ್ಲಿ ಅಂಗಣ ಕೆಸರಾಗಿ, ಬಿಸಿಲು ಕಂಡ ಸಂಜೆಗಳಲ್ಲಿ ಪ್ರಾಕ್ಟೀಸು ನಡೆದು, ವಲಯ ಮಟ್ಟ, ತಾಲೂಕು ಮಟ್ಟ ಎಂದು ಪಂದ್ಯಗಳು ಬರುತ್ತವೆ. ಹೆಚ್ಚಿನ ಶಾಲೆಗಳ ಓಟ ಅಲ್ಲಿಗೇ ನಿಲ್ಲುತ್ತದೆ. ದಸರಾ ರಜೆ ಕಳೆಯಿತೋ, ಹತ್ತನೆಯವರನ್ನು ಎಸ್ಸೆಸ್ಸೆಲ್ಸಿ ನುಂಗಿಬಿಡುತ್ತದೆ. ಒಂದು ನಿರ್ದಿಷ್ಟ ಹನ್ನೆರಡು ಜನರ ಗುಂಪು ತಂಡವಾಗಿ ಬದುಕುವುದು ಹೆಚ್ಚೆಂದರೆ ಒಂದು ಮಳೆಗಾಲ.

ಆದರೂ ಈ ಊರುಗಳಲ್ಲಿ ಜನ ಆಡುವ ಮಾತು ಕೇಳಿ. ‘ಆ ಶಾಲೆಯವರ ಕ್ಯಾಚು ಗಟ್ಟಿ’, ‘ಅವರು ಸೋಲುವಾಗಲೂ ಜಗಳಕ್ಕೆ ಬರುವುದಿಲ್ಲ’. ಐದು ವರ್ಷದ ಹಿಂದೆ ಆಡಿದ ಒಬ್ಬನೂ ಈಗ ಆ ಶಾಲೆಯಲ್ಲಿ ಇಲ್ಲ, ಮಾತು ಮಾತ್ರ ಉಳಿದಿದೆ, ಎಷ್ಟೋ ಸಲ ನಿಜವಾಗಿಯೂ ಉಳಿದಿದೆ. ಪಿಟಿ ಮಾಸ್ಟ್ರಿಂದ ಉಳಿಯಿತು ಎನ್ನಬಹುದು. ಆದರೆ ಮಾಸ್ಟ್ರಿಗೆ ವರ್ಗವಾಗುತ್ತದೆ, ನಿವೃತ್ತಿಯಾಗುತ್ತದೆ, ಹುದ್ದೆ ಖಾಲಿ ಬಿದ್ದು ಗಣಿತದ ಟೀಚರು ವಿಸಿಲು ಹಿಡಿಯುವುದೂ ಉಂಟು. ಹಾಗಾದರೆ ದಾಟಿಸಿದವರು ಯಾರು? ಲೆಕ್ಕ ಹಾಕಿದರೆ ಒಬ್ಬನೇ ಸಿಗುತ್ತಾನೆ: ಕಳೆದ ವರ್ಷ ಒಂಬತ್ತನೆಯಲ್ಲಿದ್ದು, ಆಡದೆ ಹೊರಗೆ ಕೂತು ನೋಡಿದವನು. ಅಂಗಣದಲ್ಲಿ ಏಳು ಜನ, ರಿಸರ್ವ್‌ನಲ್ಲಿ ಐದು. ತಂಡದ ನಡತೆ ಮುಂದಿನ ವರ್ಷಕ್ಕೆ ಹೋಗುವುದು ಈ ಐದು ಜನರ ಮೂಲಕ, ಹನ್ನೆರಡರೊಳಗೆ ಹೆಸರೇ ಬಾರದ ಇನ್ನೂ ನಾಲ್ಕಾರು ಜನರ ಮೂಲಕ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಆಟ ಎಂದರೆ ಆಯ್ಕೆ. ಹೊರಗೆ ಕೂತವರ ಮನಸ್ಸು ನೋಯಬಾರದೆಂದು ಎಲ್ಲರಿಗೂ ಐದೈದು ನಿಮಿಷ ಹಂಚಿದರೆ ಅದು ಮಕ್ಕಳ ದಿನಾಚರಣೆಯ ಆಟವಾಗುತ್ತದೆ, ಪಂದ್ಯವಲ್ಲ. ಒಪ್ಪುತ್ತೇನೆ. ಕನಿಕರದ ಐದು ನಿಮಿಷ ಹುಡುಗನಿಗೂ ಅವಮಾನವೇ. ಹದಿನಾಲ್ಕು ವರ್ಷದವನಿಗೆ ಅದು ತಿಳಿಯುವುದಿಲ್ಲ ಎಂದು ಭಾವಿಸುವವರು ದೊಡ್ಡವರು ಮಾತ್ರ. ನಾನು ಕೇಳುತ್ತಿರುವುದು ಸಮಪಾಲನ್ನಲ್ಲ, ಅವನಿಗೆ ನಿಜವಾದ ಕೆಲಸ ಇದೆಯೇ ಎಂದು. ಸಂಜೆಯ ಪ್ರಾಕ್ಟೀಸಿನಲ್ಲಿ ಮುಖ್ಯ ರೈಡರ್ ಯಾರ ಮೇಲೆ ರೈಡ್ ಮಾಡುತ್ತಾನೆ? ಹೊರಗಿನವರ ಮೇಲೆಯೇ. ಅವರ ಕಾರ್ನರ್ ಸಡಿಲವಾಗಿದ್ದರೆ ಅವನ ಕಾಲು ಎಂದೂ ಚುರುಕಾಗದು. ಅವರು ಕಾಲಿಗೆ ಬಿದ್ದು ಬಿಗಿಯಾಗಿ ಹಿಡಿದಷ್ಟೂ ತಾಲೂಕಿನಲ್ಲಿ ಅವನು ಜಾರಿಕೊಳ್ಳುವುದು ಕಲಿಯುತ್ತಾನೆ. ಎರಡನೆಯ ಏಳರ ಮಟ್ಟ ಎಷ್ಟೋ ಮೊದಲನೆಯ ಏಳರ ಮಟ್ಟವೂ ಅಷ್ಟೇ. ಇದನ್ನು ಬಾಯಿಬಿಟ್ಟು ಹೇಳುವ ತಂಡ ಒಂದು ಜಾತಿ, ಹೊರಗಿನವರನ್ನು ನೀರಿನ ಬಾಟಲಿ ಹಿಡಿಯಲು, ಬ್ಯಾಗು ಕಾಯಲು ಇಟ್ಟುಕೊಳ್ಳುವ ತಂಡ ಇನ್ನೊಂದು ಜಾತಿ.

ಜಪಾನಿನ ಹೈಸ್ಕೂಲು ಬೇಸ್‌ಬಾಲ್ ಈ ಪ್ರಶ್ನೆಯನ್ನು ನಮಗಿಂತ ಗಂಭೀರವಾಗಿ ತೆಗೆದುಕೊಂಡಿದೆ. ಅಲ್ಲಿಯ ರಾಷ್ಟ್ರೀಯ ಪಂದ್ಯಾವಳಿ 1915ರಲ್ಲಿ ಆರಂಭವಾಯಿತು. 1924ರಿಂದ ಕೋಶಿಯೆನ್ ಎಂಬ ಮೈದಾನದಲ್ಲಿ ನಡೆಯುತ್ತಿದೆ. ಅಲ್ಲೂ ಹೈಸ್ಕೂಲೆಂದರೆ ಮೂರೇ ವರ್ಷ. ಕೆಲವು ಶಾಲೆಗಳ ಬೇಸ್‌ಬಾಲ್ ಬಳಗದಲ್ಲಿ ನೂರರಷ್ಟು ಹುಡುಗರಿರುತ್ತಾರೆ. ಬೆಂಚಿಗೆ ಜಾಗ ಸಿಗುವುದು ಇಪ್ಪತ್ತು ಜನರಿಗೆ. ಉಳಿದವರು ಗ್ಯಾಲರಿಯಲ್ಲಿ ನಿಂತು ಪಂದ್ಯ ಮುಗಿಯುವವರೆಗೂ ತಾಳಬದ್ಧವಾಗಿ ಕೂಗುತ್ತಾರೆ. ಈ ನಿಷ್ಠೆಯನ್ನು ಮೆಚ್ಚಿ ಬರೆದವರು ಬಹಳ. ನನಗೆ ಮೆಚ್ಚುಗೆ ಅರ್ಧ, ಅನುಮಾನ ಅರ್ಧ. ಮೂರು ವರ್ಷ ಗ್ಯಾಲರಿಯಲ್ಲಿ ಕೂಗುವುದನ್ನು ಸಂಸ್ಕೃತಿ ಎನ್ನುವುದೋ, ವಿಧೇಯತೆಯ ತರಬೇತಿ ಎನ್ನುವುದೋ? ಬ್ಯಾಟಿಂಗ್ ಅಭ್ಯಾಸಕ್ಕೆ ದಿನವೂ ಚೆಂಡು ಎಸೆದುಕೊಟ್ಟವನ ಕೆಲಸವೇ ನನಗೆ ದೊಡ್ಡದಾಗಿ ಕಾಣುತ್ತದೆ. ಅವನ ತೋಳಿಲ್ಲದೆ ಆ ಬ್ಯಾಟು ತಯಾರಾಗುತ್ತಿರಲಿಲ್ಲ. ಕೂಗು ನಿಂತರೂ ಆಟ ನಡೆಯುತ್ತದೆ.

ನಮ್ಮ ಕಡೆಗೆ ಮರಳಿದರೆ, ಇಲ್ಲಿಯ ಶಾಲಾ ತಂಡಕ್ಕೆ ಇನ್ನೊಂದು ವಿಶೇಷವಿದೆ. ಭಾನುವಾರದ ಮೈದಾನಗಳಲ್ಲಿ ಕಟ್ಟುವ ಬ್ಯಾನರುಗಳನ್ನು ಓದಿ ನೋಡಿ: ‘ಸಮಾಜ ಬಾಂಧವರಿಗಾಗಿ’ ಕಬಡ್ಡಿ, ‘ಸಮಾಜ ಬಾಂಧವರಿಗಾಗಿ’ ಕೆಸರುಗದ್ದೆ ಆಟ. ಒಂದೊಂದು ಜಾತಿಗೆ, ಒಂದೊಂದು ಮತಕ್ಕೆ ಒಂದೊಂದು ಟ್ರೋಫಿ. ಇದನ್ನು ಬೈದು ಫಲವಿಲ್ಲ, ಊಟ ಚೆನ್ನಾಗಿರುತ್ತದೆ ಬೇರೆ. ಆದರೆ ಅಲ್ಲಿ ತಂಡ ಹುಟ್ಟುವ ಮೊದಲೇ ಸಂಬಂಧ ಹುಟ್ಟಿರುತ್ತದೆ. ಶಾಲೆಯ ತಂಡವನ್ನು ಕಟ್ಟುವುದು ನಡೆದು ಬರುವ ದೂರ, ಬಸ್ಸಿನ ರೂಟು. ಮನೆಯಲ್ಲಿ ತುಳು ಆಡುವವನು, ಅರೆಭಾಷೆಯವನು, ಬ್ಯಾರಿ, ಮಲಯಾಳ, ಹವ್ಯಕ ಕನ್ನಡದವನು ಒಂದೇ ಗೆರೆಯೊಳಗೆ ನಿಲ್ಲುತ್ತಾರೆ. 1964ರ ಭಾರತ-ಸಿಲೋನ್ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಮರಳಿ, ಸುಳ್ಯ-ಪುತ್ತೂರಿನ ರಬ್ಬರ್ ತೋಟಗಳಲ್ಲಿ ಕೆಲಸಕ್ಕೆ ನಿಂತ ತಮಿಳು ಕುಟುಂಬಗಳ ಮಕ್ಕಳೂ ಇಲ್ಲಿಯ ಕನ್ನಡ ಶಾಲೆಗಳಲ್ಲಿ ಓದಿದವರೇ. ಇವರೆಲ್ಲ ಕೈ ಕೈ ಹಿಡಿದೇ ನಿಲ್ಲಬೇಕು. ಕಾರ್ನರಿನವನು ಪಕ್ಕದವನ ಕೈ ಬಿಟ್ಟರೆ ಸರಪಳಿ ಹರಿಯಿತು, ರೈಡರ್ ಹೋದ.

ಇದರಿಂದ ‘ಆಟ ಜಾತಿಯನ್ನು ಮರೆಸುತ್ತದೆ’ ಎಂಬ ಮಾತಿಗೆ ಹಾರುವುದು ಬೇಡ. ಅಂಗಣದಲ್ಲಿ ಹಿಡಿದ ಕೈಗೆ ಅಡುಗೆಮನೆಯ ಬಾಗಿಲು ತೆರೆದೀತು ಎಂಬ ಖಾತ್ರಿ ಏನೂ ಇಲ್ಲ. ನಾನು ಹೇಳುವುದು ಇಷ್ಟೇ: ಮೊದಲು ಸ್ನೇಹ, ಆಮೇಲೆ ತಂಡ ಎಂದು ನಾವು ತಿಳಿದಿರುವ ಕ್ರಮ ಇಲ್ಲಿ ತಿರುವುಮುರುವಾಗಿದೆ. ಒಬ್ಬರನ್ನೊಬ್ಬರು ಆರಿಸಿಕೊಳ್ಳದವರು, ಬಹುಶಃ ಇಷ್ಟವೂ ಪಡದವರು, ಒಬ್ಬನ ಕೈ ಇಲ್ಲದೆ ಇನ್ನೊಬ್ಬನ ಕೆಲಸ ನಡೆಯದು ಎಂಬ ಕಾರಣಕ್ಕೆ ಒಟ್ಟಾಗುತ್ತಾರೆ. ಸ್ನೇಹ ಬಂದರೆ ಆಮೇಲೆ ಬರಲಿ. ಹುಡುಗರನ್ನು ವೃತ್ತಾಕಾರ ಕೂರಿಸಿ ಒಗ್ಗಟ್ಟಿನ ಭಾಷಣ ಬಿಗಿಯುವ ಕೋಚುಗಳು ಈ ಕ್ರಮವನ್ನು ಗಮನಿಸಿದರೆ ಅರ್ಧ ಗಂಟೆ ಉಳಿದೀತು.

ಕಷ್ಟದ ಪ್ರಶ್ನೆ ಬೇರೆ ಇದೆ. ಕಡಬದ ಒಳಹಳ್ಳಿಯ ಒಬ್ಬ ಹುಡುಗ ಒಳ್ಳೆಯ ರೈಡರ್ ಎಂದು ಸುದ್ದಿಯಾದರೆ, ಊಟ-ವಸತಿ-ಫೀಸು ಎಲ್ಲ ಉಚಿತ ಎನ್ನುವ ಕರೆ ದೊಡ್ಡ ಸಂಸ್ಥೆಗಳಿಂದ ಬರುತ್ತದೆ. ಕೂಲಿ ಮಾಡುವ ತಂದೆ ಕಳಿಸದೆ ಇರುತ್ತಾನೆಯೇ? ಕಳಿಸಬೇಕು ಕೂಡ. ಹೀಗೆ ಊರೂರಿನಿಂದ ಹೆಕ್ಕಿದ ತಂಡಗಳೇ ಅನೇಕ ಸಲ ಜಿಲ್ಲೆ, ವಿಭಾಗ ದಾಟುತ್ತವೆ. ಹಾಗಾಗಿ ‘ಒಳ್ಳೆಯ ಸಂಸ್ಕೃತಿ ಇದ್ದರೆ ಗೆಲುವು ತಾನಾಗಿ ಬರುತ್ತದೆ’ ಎಂಬ ಆಶ್ವಾಸನೆಯನ್ನು ನಾನು ಕೊಡಲಾರೆ. ಬರದೆಯೂ ಇರಬಹುದು. ಹಾಗಿದ್ದೂ ಅದು ಬೇಕೇ ಎಂದರೆ, ಬೇಕು, ಏಕೆಂದರೆ ಊರಲ್ಲೇ ಉಳಿದ ಹನ್ನೊಂದು ಜನರಲ್ಲಿ ಹೆಚ್ಚಿನವರಿಗೆ ಇದೇ ಕೊನೆಯ ತಂಡ. ಮುಂದೆ ಪಿಯುಸಿ, ಐಟಿಐ, ಬೆಂಗಳೂರಿನ ಹೋಟೆಲು, ಗಲ್ಫು. ಬೋನಸ್ ತರುವ ಒಬ್ಬನ ಸುತ್ತ ಕಟ್ಟಿದ ತಂಡ ಅವನೊಂದಿಗೇ ಬಸ್ಸು ಹತ್ತುತ್ತದೆ. ಮುಟ್ಟಿ ಬಂದು ಉಳಿದವರನ್ನು ಎಬ್ಬಿಸುತ್ತಿದ್ದ ತಂಡದಲ್ಲಿ, ಅವನು ಹೋದ ಮರುದಿನ ರೈಡಿಗೆ ಎದ್ದು ನಿಲ್ಲುವವನೊಬ್ಬ ಇರುತ್ತಾನೆ.

ಇದನ್ನೆಲ್ಲ ಒಪ್ಪಿದರೂ ತಾಲೂಕು ಪಂದ್ಯದ ಹಿಂದಿನ ಸಂಜೆ ಹನ್ನೆರಡನೆಯ ಹೆಸರು ಬರೆಯುವಾಗ ಗೊಂದಲವಾಗುತ್ತದೆ. ಒಂದು ಕಡೆ ಒಂಬತ್ತನೆಯ ಚುರುಕು ಹುಡುಗ. ಅನುಭವ ಆದೀತು, ಮುಂದಿನ ವರ್ಷಕ್ಕೆ ಬೇಕಾಗುವವನು. ಇನ್ನೊಂದು ಕಡೆ ಮೂರು ವರ್ಷ ಪ್ರಾಕ್ಟೀಸಿನಲ್ಲಿ ಹಿಡಿದು ಹಿಡಿದು ಮೊಣಕೈ ತರಚಿಕೊಂಡು, ಒಮ್ಮೆಯೂ ಜೆರ್ಸಿ ಹಾಕದ ಹತ್ತನೆಯವನು. ತಂಡ ಮುಂದುವರಿಯುವುದು ಕಿರಿಯನಿಂದ ಎಂದು ಇಷ್ಟು ಹೊತ್ತು ವಾದಿಸಿದ ಮೇಲೆ ನಾನು ಒಂಬತ್ತನೆಯವನ ಹೆಸರು ಹೇಳಬೇಕಿತ್ತು. ಹೇಳುವುದಿಲ್ಲ. ಹನ್ನೆರಡನೆಯವನು ಪಂದ್ಯದಲ್ಲಿ ಒಳಗೆ ಇಳಿಯುವುದೇ ಅಪರೂಪ, ಆದ್ದರಿಂದ ಸೋಲು-ಗೆಲುವಿನ ಮಾತು ಅಲ್ಲಿ ನೆಪ. ಜೆರ್ಸಿ ಹತ್ತನೆಯವನಿಗೆ ಹೋಗಲಿ. ಮೂರು ವರ್ಷ ಇಲ್ಲಿ ದುಡಿದವನಿಗೆ ಕೊನೆಗೆ ಏನು ಸಿಗುತ್ತದೆ ಎಂಬುದನ್ನು ಒಂಬತ್ತನೆಯವನು ನೋಡುತ್ತಿದ್ದಾನೆ. ನಾಳೆ ಸಂಜೆ ಪ್ರಾಕ್ಟೀಸಿಗೆ ಬರುವುದೋ ಬೇಡವೋ ಎಂದು ಅವನು ತೀರ್ಮಾನಿಸುವುದೂ ಅದರ ಮೇಲೆಯೇ.