ಇಂದಿನ ಚಿಂತನೆ: ಸಮ್ಯಕ್ ಆಜೀವ ಮತ್ತು ಮೊದಲ ನೌಕರಿ



ಬೇಡಕಿಹಾಳದ ನಮ್ಮ ಅಕ್ಕನ ಮಗ ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿದ್ದಾನೆ. ಮೊಬೈಲ್‌ನಲ್ಲಿ ವಿಡಿಯೋ ನೋಡಿಯೇ ಗೊಡೊ, ಬ್ಲೆಂಡರ್ ಕಲಿತ. ಎರಡೂ ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಒಂದರಲ್ಲಿ ಆಟ ಕಟ್ಟುತ್ತಾರೆ, ಇನ್ನೊಂದರಲ್ಲಿ ಆಟದೊಳಗಿನ ಮನುಷ್ಯ, ಮನೆ, ಗಿಡ ಮಾಡುತ್ತಾರೆ. ತಾನೇ ಮಾಡಿದ ಎರಡು ಸಣ್ಣ ಆಟ ತೋರಿಸಿದ್ದಕ್ಕೆ ಒಂದು ಗೇಮ್ ಕಂಪನಿಯವರು ನೌಕರಿಗೆ ಕರೆದಿದ್ದಾರೆ. (ಈ ಲೈನಿನಲ್ಲಿ ಮಾರ್ಕ್ಸ್‌ಕಾರ್ಡಿಗಿಂತ ಮಾಡಿ ತೋರಿಸಿದ ಆಟಕ್ಕೇ ಬೆಲೆ ಜಾಸ್ತಿಯಂತೆ. ನಮ್ಮ ಹುಡುಗರು ಗಮನಿಸಲಿ.)

ಅವರ ಆಟದಲ್ಲಿ ಒಂದು ಪೆಟ್ಟಿಗೆ ಇದೆ. ದುಡ್ಡು ಕೊಟ್ಟು ತೆರೆಯಬೇಕು. ಒಳಗೇನಿದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಒಳ್ಳೆಯ ಕತ್ತಿ ಬರುವುದು ಅಪರೂಪಕ್ಕೊಮ್ಮೆ. ಎಷ್ಟು ಸಲಕ್ಕೊಮ್ಮೆ ಬಂದರೆ ಆಡುವವನು ಬಿಡದೆ ದುಡ್ಡು ಹಾಕುತ್ತಾನೆ ಎಂಬ ಲೆಕ್ಕ ಕೂಡಿಸುವುದೇ ಇವನ ಕೆಲಸ.

"ಮಾಮಾ, ಹೊಟ್ಟೆಪಾಡಿಗೆ ಇದನ್ನ ಹಿಡದರ ತಪ್ಪಾಗತೈತೇನ್ರಿ?" ಎಂದು ಫೋನ್ ಮಾಡಿದ್ದ.

ಉಪಾಸಕ ಮಾಡಬಾರದ ಐದು ವ್ಯಾಪಾರಗಳನ್ನು ಅಂಗುತ್ತರ ನಿಕಾಯ ಹೇಳುತ್ತದೆ: ಶಸ್ತ್ರ, ಜೀವಿಗಳು, ಮಾಂಸ, ಮಾದಕ, ವಿಷ. ಆಟದಲ್ಲಿ ಬಂದೂಕು ಇದ್ದರೆ ಅದೂ ಶಸ್ತ್ರ ವ್ಯಾಪಾರವೇ ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಪರದೆಯ ಮೇಲಿನ ಗುಂಡಿಗೆ ಯಾರೂ ಸಾಯುವುದಿಲ್ಲ. ಜೂಜು ಈ ಐದರಲ್ಲಿಲ್ಲ. ಸಿಗಾಲೋವಾದ ಸುತ್ತದಲ್ಲಿ ಅದು ಸಂಪತ್ತು ಸೋರಿಹೋಗುವ ಆರು ದಾರಿಗಳಲ್ಲೊಂದು. ಆದರೆ ಅಲ್ಲಿ ಎಚ್ಚರಿಕೆ ಇರುವುದು ಆಡುವವನಿಗೆ. ದಾಳ ಕೆತ್ತಿದವನ ಮಾತು ಬರುವುದಿಲ್ಲ.

ಕಾನೂನು ಕೇಳೋಣವೆಂದರೆ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಇಲ್ಲಿ ಗೆದ್ದರೆ ಸಿಗುವುದು ಹಣವಲ್ಲ, ಬಣ್ಣದ ಕತ್ತಿ. ಬೆಲ್ಜಿಯಂ ದೇಶ ಮಾತ್ರ 2018ರಲ್ಲೇ ಇಂಥ ಪೆಟ್ಟಿಗೆಯನ್ನು ಜೂಜು ಎಂದು ಹೇಳಿತ್ತು.

ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಸಮ್ಯಕ್ ಆಜೀವಕ್ಕೆ ಪಟ್ಟಿಯಿಲ್ಲ, ಅಳತೆಯಿದೆ. ಇನ್ನೊಬ್ಬರಿಗೆ ಹಾನಿಯನ್ನಾಗಲಿ ಅನ್ಯಾಯವನ್ನಾಗಲಿ ಮಾಡದೆ ಗಳಿಸುವುದು. ಹಾನಿಯ ಜೊತೆ ಅನ್ಯಾಯವನ್ನೂ ಸೇರಿಸಿದ್ದಾರೆ, ನೋಡಿ. ಹಾಗಾದರೆ ಪೆಟ್ಟಿಗೆಯ ಆಚೆ ತುದಿಯಲ್ಲಿ ಯಾರಿದ್ದಾರೆ ಎಂದು ಕೇಳಲೇಬೇಕು. ಕಬ್ಬು ಕಡಿದು ಬಂದ ಅಪ್ಪನ ಫೋನು ಹಿಡಿದು ಕೂತ ನಮ್ಮ ಓಣಿಯ ಹುಡುಗನೇ ಅಲ್ಲಿರಬಹುದು.

ಇಷ್ಟು ಹೇಳುವಷ್ಟರಲ್ಲಿ ನನಗೇ ಬಾಯಿ ಕಟ್ಟಿತು. ಈ ಹುಡುಗನ ಫೀಸು ತುಂಬಿದ್ದು ಬೀಡಿ. ನಿಪ್ಪಾಣಿ ಕಡೆಯ ಎಷ್ಟೋ ಹೆಣ್ಣುಮಕ್ಕಳಂತೆ ಅಕ್ಕನೂ ಸಾವಿರ ಬೀಡಿಗೆ ಇಷ್ಟು ಎಂಬ ಕೂಲಿಗೆ ವರ್ಷಗಟ್ಟಲೆ ಸುತ್ತಿದ್ದಾಳೆ. ಬೀಡಿ ಸೇದಿದವನಿಗೂ ಹಾನಿಯೇ ಅಲ್ಲವೆ? ಅವಳ ದುಡಿಮೆಯನ್ನು ನಾವು ಎಂದಾದರೂ ಮಿಥ್ಯಾ ಆಜೀವ ಎಂದಿದ್ದೇವೆಯೆ? ಇಲ್ಲ. ಅವಳಿಗೆ ಬೇರೆ ಬಾಗಿಲು ತೆರೆದಿರಲಿಲ್ಲ. ತಂಬಾಕಿನ ಧೂಳು ಅವಳ ಎದೆಗೇ ಮೊದಲು ಹೋಯಿತು. ಸೇದುವವನು ಬಿಡದಂತೆ ಮಾಡುವುದು ಹೇಗೆಂಬ ಲೆಕ್ಕ ಅವಳ ಕೈಯಲ್ಲಿರಲಿಲ್ಲ. ಮಗನಿಗೆ ಕೊಡುತ್ತಿರುವುದು ಆ ಲೆಕ್ಕವನ್ನೇ.

ಆದರೆ ಮನೆಯಲ್ಲಿ ಸಂಘದ ಸಾಲದ ಕಂತು ನಿಂತಿದೆ. "ಬಿಟ್ಟುಬಿಡು" ಎಂದು ಇಲ್ಲಿ ಕೂತು ಹೇಳುವುದು ನನಗೆ ಸುಲಭ. ಕಂತು ಕಟ್ಟುವವಳು ಅಕ್ಕ. ಆಟದ ಹಂತ ಕಟ್ಟುವ ಕೆಲಸ, ಇಲ್ಲವೇ ತಪ್ಪು ಹುಡುಕುವ ಟೆಸ್ಟಿಂಗ್ ಕೆಲಸ ಇದೆಯೇ ಎಂದು ಅದೇ ಕಂಪನಿಯಲ್ಲಿ ಕೇಳು, ಪಗಾರ ಕಡಿಮೆಯಾದರೂ ಆಗಲಿ ಎಂದೆ. ಸಿಗದಿದ್ದರೆ ಸೇರು, ಆದರೆ ರಾತ್ರಿ ನಿನ್ನ ಸ್ವಂತ ಆಟ ಕಟ್ಟುವುದನ್ನು ಬಿಡಬೇಡ, ವರ್ಷದೊಳಗೆ ಬೇರೆ ಕಡೆ ಹುಡುಕು ಎಂದೂ ಹೇಳಿದೆ. ಈ ಎರಡನೆಯ ಮಾತು ಹೇಳಿದ ಮೇಲೆ ನನಗೆ ಸಮಾಧಾನವಿಲ್ಲ.

ಅವನು ಸೋಮವಾರ ಉತ್ತರ ಕೊಡಬೇಕು. ಭಾನುವಾರ ವಂದನೆ ಮುಗಿದ ಮೇಲೆ ಅಕ್ಕನೂ ವಿಹಾರಕ್ಕೆ ಬರುತ್ತಾಳೆ. ನಾನು ಹೇಳಿದ್ದು ತಪ್ಪಿದ್ದರೆ ಅವಳೆದುರೇ ಹೇಳಿ.

ನಮೋ ಬುದ್ಧಾಯ 🙏