ಶಾಕಂಭರಿಯ ಕೈಗಳು

ನೂರು ವರ್ಷ ಮಳೆಯಿಲ್ಲದೆ ಲೋಕವು ಬಳಲುವಾಗ ತನ್ನ ದೇಹದಿಂದಲೇ ಶಾಕಗಳನ್ನು ಹುಟ್ಟಿಸಿ ಜೀವಿಗಳನ್ನು ಪೊರೆಯುವೆನೆಂದು ಜಗನ್ಮಾತೆಯು ದೇವೀಮಾಹಾತ್ಮ್ಯದಲ್ಲಿ ಅಭಯವಿತ್ತಿದ್ದಾಳೆ. ಆಕೆಯೇ ಶಾಕಂಭರಿ.

1972ರಲ್ಲಿ ಮಳೆ ಕೈಕೊಟ್ಟಾಗ ನಾಸಿಕದಲ್ಲಿಯೂ ಇಂದು ಛತ್ರಪತಿ ಸಂಭಾಜಿನಗರವೆನಿಸಿದ ಔರಂಗಾಬಾದಿನಲ್ಲಿಯೂ ಬರವು ತಲೆದೋರಿತು. ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ ಸ್ತ್ರೀಪುರುಷರು ಜಲ್ಲಿ ಒಡೆದರು, ಕೆರೆ ತೋಡಿದರು, ಒಡ್ಡು ಕಟ್ಟಿದರು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಾದ್ಯಂತ ಹೀಗೆ ದುಡಿದವರು ಸುಮಾರು 50 ಲಕ್ಷ. ಬರ ಕಳೆದರೂ ಪಾಠ ಉಳಿಯಿತು. 1977ರ ಉದ್ಯೋಗ ಖಾತರಿ ಶಾಸನವು ಹಳ್ಳಿಗರ ದುಡಿಮೆಯನ್ನು ಹಕ್ಕೆಂದು ಮನ್ನಿಸಿತು.

ಹಸಿದವನಿಗೆ ಅನ್ನವಿಕ್ಕುವುದು ಪುಣ್ಯ. ಅವನ ಮಾನ ಕಾಯುವುದು ಪೂಜೆ. ಆಯುಧಪೂಜೆಯಂದು ವಾಹನಗಳಿಗೆ ಕುಂಕುಮವಿಡುವ ನಗರವಾಸಿಗಳು ಆ ಗುದ್ದಲಿ ಬುಟ್ಟಿಗಳನ್ನೂ ನೆನೆಯಲಿ. ಬರದ ಊರು ತೊರೆದು ಬಂದು ಮಹಾನಗರದಲ್ಲಿ ಕಲ್ಲು ಹೊರುವ ಕೈಗಳಲ್ಲಿರುವವಳೂ ಶಾಕಂಭರಿಯೇ. ಆ ಕೈಗಳಿಗೆ ನ್ಯಾಯವಾದ ಕೂಲಿ ಸಲ್ಲದ ಮನೆಯಲ್ಲಿ ನವರಾತ್ರಿಯ ದೀಪ ಬೆಳಗೀತೆ?